ಹಾನ್ಸ್ ಆಂಡರ್ಸನ್ನನ ವಿದ್ಯಾರ್ಥಿದೆಶೆಯೂ ಬಾತುಮರಿಯ ಕಥೆಯೂ

ಕುರೂಪಿಯಾದ ಬಾತುಮರಿಯ ಕಥೆಯನ್ನು ನಮ್ಮ ಪಾಠಶಾಲೆಯಲ್ಲಿ ಓದಿದ ಯಾವ ಹುಡುಗಿಯೂ ಮರೆತಿರಲಾರಳೆಂದು ನಾವು ನಂಬುತ್ತೇವೆ. ಆದರೆ ಅದನ್ನು ಬರೆದಾತನು ತನ್ನ ಹದಿನೇಳನೆಯ ವಯಸ್ಸಿನಲ್ಲಿ ಪುಟ್ಟ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತು, ಐದು ವರ್ಷಗಳ ಕಾಲ ಪರಿಹಾಸ್ಯಕ್ಕೆ ಗುರಿಯಾದವನೆಂಬುದನ್ನು ಬಲ್ಲವರು ಕಡಿಮೆ. ಹೆಣ್ಣುಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಾಯ್ತಂದೆಗಳೂ, ಇಲ್ಲಿ ಕಲಿತು ಈಗ ತಾವೇ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಆತನ ಜೀವಿತದ ಈ ಭಾಗವನ್ನು ಅರಿತಿರಬೇಕೆಂದು ತೋರಿ ಇದನ್ನು ಬರೆಯುತ್ತೇವೆ.

ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1805ನೆಯ ಇಸವಿ ಏಪ್ರಿಲ್ 2ನೆಯ ತಾರೀಖು ಡೆನ್ಮಾರ್ಕ್ ದೇಶದ ಓಡೆನ್ಸೆ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಪಾದರಕ್ಷೆ ಹೊಲಿದು ಜೀವಿಸುತ್ತಿದ್ದ ಬಡವನು. ಆದರೂ ಓದು ಬಲ್ಲವನಾದುದರಿಂದ ಮಗನಿಗೆ ಅರೇಬಿಯನ್ ನೈಟ್ಸ್ ಕಥೆಗಳನ್ನು ಓದಿ ಹೇಳುತ್ತಿದ್ದನು, ಗೊಂಬೆಯಾಟಕ್ಕೆ ಪುಟ್ಟದೊಂದು ನಾಟಕಶಾಲೆಯನ್ನೂ ಮಾಡಿಕೊಟ್ಟಿದ್ದನು. 1816ರಲ್ಲಿ ಅವನು ತೀರಿಕೊಂಡನು. ತಾಯಿಯು ಹೊಳೆಯ ತಣ್ಣೀರಿನಲ್ಲಿ ನಿಂತು ಪರರ ಬಟ್ಟೆಗಳನ್ನು ಒಗೆಯುತ್ತಿದ್ದಳು. ತಂದೆಯ ತಂದೆಗೆ ಬುದ್ಧಿಭ್ರಮಣೆಯಿತ್ತು. ಒಂದು ದಿನ ಬೀದಿಯ ಹುಡುಗರು ಆ ಮುದುಕನ ಬೆನ್ನಟ್ಟಿ ಕೂಗಾಡುವುದನ್ನು ಕೇಳಿ ಬಾಲಕ ಹಾನ್ಸನು ಮೆಟ್ಟಿಲುಗಳ ಮರೆಯಲ್ಲಿ ಅಡಗಿಕೊಂಡನು. ತಾನೂ ಆತನ ರಕ್ತವೇ ಎಂಬ ಭಯವು ಅಂದು ಅವನೊಳಗೆ ಹೊಕ್ಕಿತು. ಈ ಭಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಹುಡುಗನು ನೀಳವಾಗಿ ಬೆಳೆದವನು, ದೊಡ್ಡ ಮೂಗಿನವನು. ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತ, ನಾಟಕಗಳನ್ನು ಕಟ್ಟುತ್ತ ಒಬ್ಬನೇ ಕುಳಿತಿರುತ್ತಿದ್ದನು. ಬೀದಿಯಲ್ಲಿ ಕಂಡ ಹುಡುಗರು ನಾಟಕಕಾರನು ಬಂದನೆಂದು ಅಣಕಿಸಿ ಹಿಂದೆ ಓಡುತ್ತಿದ್ದರು. ಬಟ್ಟೆಯ ಕಾರ್ಖಾನೆಗೆ ಕೆಲಸಕ್ಕೆ ಹೋದಾಗ ಅವನ ಇಂಪಾದ ಕಂಠವನ್ನು ಕೇಳಿ, ಇವನು ಹುಡುಗನಲ್ಲ, ಹುಡುಗಿಯೆಂದು ಕೆಲಸಗಾರರು ಹಿಡಿದೆಳೆದು ಪೀಡಿಸಿದರು. ಅವನು ಅಳುತ್ತ ಮನೆಗೆ ಓಡಿಬಂದನು. ದೃಢೀಕರಣ ಸಂಸ್ಕಾರದ ಪಾಠಕ್ಕೆ ಬಡವರ ಮಕ್ಕಳು ಹೋಗುವ ಕಡೆಗೆ ಹೋಗದೆ, ಹಿರಿಯ ಪಾದ್ರಿಯ ಬಳಿ ಸ್ಥಿತಿವಂತರ ಮಕ್ಕಳೊಡನೆ ಸೇರಿಕೊಂಡದ್ದರಿಂದ, ಅಲ್ಲಿಯೂ ಅವನೊಡನೆ ಮಾತನಾಡುವವರಿರಲಿಲ್ಲ. ಅವರಲ್ಲಿ ಒಬ್ಬ ಹುಡುಗಿ ಮಾತ್ರ ಒಂದು ದಿನ ಅವನಿಗೊಂದು ಗುಲಾಬಿ ಹೂವನ್ನು ಕೊಟ್ಟಳು. ಲೋಕವೆಲ್ಲ ಆತನನ್ನು ಬಲ್ಲ ಕಾಲದಲ್ಲಿ ಬರೆದ ಆತ್ಮಕಥೆಯಲ್ಲಿ ಆ ಹೂವಿಗೂ ಸ್ಥಳ ದೊರೆಯಿತು. ಹೂವನ್ನು ಕೊಟ್ಟವಳಿಗೆ ಅದು ಎಷ್ಟು ದಿನ ನೆನಪಿತ್ತೋ!

1819ರಲ್ಲಿ, ಹದಿನಾಲ್ಕು ವರ್ಷದವನಾಗಿ, ಅವನು ಒಬ್ಬನೇ ರಾಜಧಾನಿಯಾದ ಕೋಪನ್‌ಹೇಗನ್ ನಗರಕ್ಕೆ ಹೋದನು. ಅಲ್ಲಿ ಹಾಡುಗಾರನಾಗಲೂ, ನರ್ತಕನಾಗಲೂ, ನಟನಾಗಲೂ ಮೂರು ವರ್ಷ ಯತ್ನಿಸಿ ಯಾವುದರಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ರಾಜ ನಾಟಕಶಾಲೆಯ ಆಡಳಿತದವರಲ್ಲಿ ಒಬ್ಬನಾದ ಯೋನಾಸ್ ಕೋಲಿನ್ ಎಂಬ ಗೃಹಸ್ಥನು ಇವನಲ್ಲಿ ಏನೋ ಇದೆಯೆಂದು ಕಂಡು, ಆರನೆಯ ಫ್ರೆಡರಿಕ್ ಅರಸನಿಂದ ಧನಸಹಾಯವನ್ನು ದೊರಕಿಸಿ, 1822ರಲ್ಲಿ ಸ್ಲಾಗೆಲ್ಸೆ ಎಂಬ ಊರಿನ ಲ್ಯಾಟಿನ್ ಶಾಲೆಗೆ ಕಳುಹಿಸಿದನು.

ಅಲ್ಲಿ ಅವನನ್ನು ಕೆಳಗಿನ ತರಗತಿಯಲ್ಲಿ, ತನಗಿಂತ ಐದಾರು ವರ್ಷ ಚಿಕ್ಕವರಾದ ಹುಡುಗರ ಜೊತೆಗೆ ಕುಳ್ಳಿರಿಸಿದರು. ಹಳ್ಳಿಯಿಂದ ತಡವಾಗಿ ಬಂದ ದೊಡ್ಡ ಹುಡುಗಿಯನ್ನು ಚಿಕ್ಕವರ ಸಾಲಿನಲ್ಲಿ ಕುಳ್ಳಿರಿಸಿದ ದಿನ ಕೊಠಡಿಯಲ್ಲಿ ಏಳುವ ಮೆಲುನಗೆಯನ್ನು ಬಲ್ಲ ಉಪಾಧ್ಯಾಯಿನಿಯರಿಗೆ ನಾವು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಹುಡುಗರ ನಗೆಯು ಕಾಲಕ್ರಮದಲ್ಲಿ ತಣ್ಣಗಾಗುವುದುಂಟು. ಇಲ್ಲಿ ನಗುವವರ ಮುಂದಾಳು ಸ್ವತಃ ಮುಖ್ಯೋಪಾಧ್ಯಾಯನಾದ ಸೈಮನ್ ಮೈಸ್ಲಿಂಗ್ ಎಂಬಾತನೇ. ಈತನು ಮೂರ್ಖನಲ್ಲ, ಪ್ರಾಚೀನ ಭಾಷೆಗಳ ಕಾವ್ಯಗಳನ್ನು ಡೇನಿಷ್ ಭಾಷೆಗೆ ತಂದ ಪಂಡಿತನು. ಆದರೆ ವಿದ್ಯೆಯನ್ನು ಚಾವಟಿಯಂತೆ ಹಿಡಿದವನು. ಆತನು ಕೊಠಡಿಯೊಳಗೆ ಕಾಲಿಟ್ಟರೆ ಸಾಕು, ಆಂಡರ್ಸನ್ನನಿಗೆ ತಿಳಿದ ಉತ್ತರವೂ ತಪ್ಪಿಹೋಗುತ್ತಿತ್ತು. ತಪ್ಪಿದೊಡನೆ ಎಲ್ಲರೆದುರಿಗೆ ಅಪಹಾಸ್ಯವು ಸಿದ್ಧವಾಗಿರುತ್ತಿತ್ತು. ಕವಿತೆ ಬರೆಯಲು ಅಪ್ಪಣೆಯಿರಲಿಲ್ಲ. 1825ರಲ್ಲಿ ಅವನು ಊಟವಸತಿಗೆ ಮೈಸ್ಲಿಂಗನ ಮನೆಯನ್ನೇ ಸೇರಬೇಕಾಗಿ ಬಂದಿತು. ಮರುವರ್ಷ ಆತನಿಗೆ ಎಲ್ಸಿನೋರ್ ಪಟ್ಟಣದ ಶಾಲೆಗೆ ವರ್ಗವಾದಾಗ, ಶಿಷ್ಯನೂ ಹಿಂಬಾಲಿಸಿದನು. ಶಾಲೆ ಬಿಟ್ಟ ಮೇಲೆ ಹೆಬ್ಬಾಗಿಲು ಮುಚ್ಚುತ್ತಿತ್ತು. ಉಳಿದ ಹುಡುಗರು ತಮ್ಮ ತಮ್ಮ ಮನೆಗಳಿಗೆ ಹೋಗುತ್ತಿದ್ದರು, ಇವನು ಒಳಗೇ ಉಳಿಯುತ್ತಿದ್ದನು. ಹಗಲು ಸಹಿಸಿದ ಮಾತುಗಳನ್ನು ಬಿಚ್ಚಿಡಲು ರಾತ್ರಿಯಲ್ಲಾದರೂ ಒಂದು ಮನೆಯಿರುವುದು ಮಕ್ಕಳಿಗೆ ಎಂತಹ ರಕ್ಷಣೆಯೆಂಬುದನ್ನು ತಾಯ್ತಂದೆಗಳು ಇಲ್ಲಿ ಆಲೋಚಿಸಬಹುದು.

ಆ ವರ್ಷವೇ, ಅಪ್ಪಣೆಯನ್ನು ಮೀರಿ, ಸಾಯುತ್ತಿರುವ ಮಗುವೊಂದು ತಾಯಿಯೊಡನೆ ಮಾತನಾಡುವಂತೆ ಅವನು ಒಂದು ಕವಿತೆಯನ್ನು ಬರೆದನು. ಮೈಸ್ಲಿಂಗನು ಅದನ್ನು ಕಣ್ಣೀರಿನ ಕಸವೆಂದು ತಳ್ಳಿಬಿಟ್ಟನು. ಆಂಡರ್ಸನ್ನನು ಕೋಲಿನ್ನನಿಗೆ ದುಃಖದಿಂದ ಪತ್ರಗಳನ್ನು ಬರೆಯುತ್ತಿದ್ದನು. ಕೋಲಿನ್ನನಿಂದ ಧೈರ್ಯದ ಮಾತುಗಳು ಬರುತ್ತಿದ್ದುವು, ಬಿಡುಗಡೆ ಬರಲಿಲ್ಲ. ಹಿತೈಷಿಗಳು ಮಕ್ಕಳ ದೂರನ್ನು ಸೋಮಾರಿತನದ ನೆವವೆಂದು ಬಗೆಯುವುದು ಅಂದಿನ ಡೆನ್ಮಾರ್ಕಿನಲ್ಲಿ ಮಾತ್ರವಲ್ಲ. ಕಡೆಗೆ ಅದೇ ಶಾಲೆಯ ಒಬ್ಬ ತರುಣ ಉಪಾಧ್ಯಾಯನು, ಕಣ್ಣಾರೆ ಕಂಡುದನ್ನು ಕೋಲಿನ್ನನಿಗೆ ತಿಳಿಸಿದನು. 1827ರ ಏಪ್ರಿಲಿನಲ್ಲಿ ಕೋಲಿನ್ನನು ಹುಡುಗನನ್ನು ಶಾಲೆಯಿಂದ ಬಿಡಿಸಿಕೊಂಡನು. ಆ ಉಪಾಧ್ಯಾಯನನ್ನು ಲೋಕವು ಮರೆತಿದ್ದರೂ, ನಮ್ಮ ವೃತ್ತಿಯವರು ಮರೆಯಬಾರದು.

ಬೀಳ್ಕೊಡುವಾಗ ಆಂಡರ್ಸನ್ನನು ತನ್ನನ್ನು ಸಾಕಿದ್ದಕ್ಕಾಗಿ ಕೃತಜ್ಞತೆ ಹೇಳಲು ಹೋದನು. ಅದಕ್ಕೆ ಮೈಸ್ಲಿಂಗನು, ನೀನು ಎಂದಿಗೂ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರೆಯೆಂದೂ, ನಿನ್ನ ಪದ್ಯಗಳು ಪುಸ್ತಕದಂಗಡಿಯ ಅಟ್ಟದಲ್ಲಿ ಕೊಳೆಯುವುವೆಂದೂ, ನೀನು ಹುಚ್ಚರ ಆಸ್ಪತ್ರೆಯಲ್ಲಿ ಕೊನೆಗಾಣುವೆಯೆಂದೂ ಹೇಳಿ ಕಳುಹಿಸಿದನು. ಮೆಟ್ಟಿಲ ಮರೆಯಲ್ಲಿ ಅಡಗಿದ್ದ ಬಾಲಕನನ್ನು ಬಲ್ಲವರಿಗೆ ಈ ಕೊನೆಯ ಮಾತಿನ ಅಲಗು ಎಲ್ಲಿ ತಾಗಿತೆಂದು ತಿಳಿಯುವುದು. ಅವನು ಮನೆಪಾಠದ ಸಹಾಯದಿಂದ 1828ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಕಸವೆನಿಸಿದ ಕವಿತೆಯೂ ಅಷ್ಟರಲ್ಲಿ ಅಚ್ಚಾಗಿತ್ತು.

ಈ ದುಃಖವನ್ನು ಆತನು ಏನು ಮಾಡಿದನೆಂಬುದೇ ನಮಗೆ ಮುಖ್ಯವಾದ ವಿಷಯ. 1835ರಲ್ಲಿ ಪ್ರಕಟವಾದ ಇಂಪ್ರೊವಿಸಟೋರೆ ಎಂಬ ಕಾದಂಬರಿಯು ಇಟಲಿ ದೇಶದಲ್ಲಿ ನಡೆಯುವುದು. ಅದರಲ್ಲಿ ಹಬ್ಬಾಸ್ ದಾದಾ ಎಂಬ ಹಾಸ್ಯಾಸ್ಪದನಾದ ಶಾಲಾಧಿಪತಿಯೊಬ್ಬನು ಬರುತ್ತಾನೆ. ಆತನು ಮಹಾಕವಿ ದಾಂತೆಯನ್ನು ತುಚ್ಛೀಕರಿಸುವವನು. ಓದಿದವರಿಗೆ ಅದು ಮೈಸ್ಲಿಂಗನೆಂದು ತಿಳಿಯಿತು. ಇದು ಸೇಡು. ನಾವು ಅದನ್ನು ದೂಷಿಸುವುದಿಲ್ಲ, ಆದರೆ ಅದರಲ್ಲಿ ನಗೆಯಲ್ಲದೆ ಬೇರೇನೂ ಇಲ್ಲ. ಆ ಕಾದಂಬರಿಯಿಂದ ಹೆಸರು ಬಂದ ಮೇಲೆ ಒಂದು ದಿನ ಮೈಸ್ಲಿಂಗನೇ ಕೋಪನ್‌ಹೇಗನ್ ನಗರದಲ್ಲಿ ಎದುರಾಗಿ, ಕೈ ನೀಡಿ, ತಾನು ತಪ್ಪಾಗಿ ನಡೆದುಕೊಂಡೆನೆಂದು ಒಪ್ಪಿಕೊಂಡನು. 1837ರ ಬರಿಯ ಪಿಟೀಲುಗಾರ ಎಂಬ ಕಾದಂಬರಿಯಲ್ಲಿ ಪ್ರತಿಭೆಯುಳ್ಳ ಬಡ ಹುಡುಗನು ಆಸರೆ ಕಾಣದೆ ಅಜ್ಞಾತನಾಗಿಯೇ ಸಾಯುತ್ತಾನೆ. ಇದು ಗೋಳು. ತತ್ತ್ವಜ್ಞಾನಿಯಾದ ಕಿಯರ್ಕೆಗಾರನು ಮರುವರ್ಷವೇ ಅದನ್ನು ಕಟುವಾಗಿ ಖಂಡಿಸಿ ಪುಸ್ತಕವನ್ನೇ ಬರೆದನು.

ಮೂರನೆಯ ಸಲ ಅದೇ ದುಃಖವು 1843ರ ನವೆಂಬರಿನಲ್ಲಿ ಹೊರಬಂದಾಗ ಅದರಲ್ಲಿ ಶಾಲೆಯಿಲ್ಲ, ಮೈಸ್ಲಿಂಗನಿಲ್ಲ, ಮನುಷ್ಯರೇ ಹೆಚ್ಚಾಗಿ ಇಲ್ಲ. ಒಂದು ಬಾತುಕೋಳಿಯ ಅಂಗಳವಿದೆ. ದೊಡ್ಡದಾಗಿ, ಕುರೂಪಿಯಾಗಿ, ತಡವಾಗಿ ಮೊಟ್ಟೆಯೊಡೆದು ಬಂದ ಮರಿಯನ್ನು ಎಲ್ಲವೂ ಕುಕ್ಕುತ್ತವೆ. ಅಲ್ಲಿ ಒಬ್ಬ ದುಷ್ಟನಾದ ರಾಕ್ಷಸನೂ ಇಲ್ಲವೆಂಬುದನ್ನು ಗಮನಿಸಬೇಕು. ಒಡಹುಟ್ಟಿದವುಗಳೇ ಬೆಕ್ಕು ಹಿಡಿಯಲೆಂದು ಹಾರೈಸುತ್ತವೆ. ಮೊದಲು ಪರವಹಿಸಿದ ತಾಯಿಯೂ ಕೊನೆಗೆ ಇದು ದೂರ ಹೋದರೆ ಸಾಕೆನ್ನುತ್ತದೆ. ಮುದುಕಿಯ ಗುಡಿಸಲಿನ ಕೋಳಿಯೂ ಬೆಕ್ಕೂ ಆ ಮರಿಯನ್ನು ಮೊಟ್ಟೆಯಿಡಲು ಬರುವುದೇ, ಬೆನ್ನು ಬಾಗಿಸಿ ಗುರುಗುಟ್ಟಲು ಬರುವುದೇ ಎಂದು ಪರೀಕ್ಷಿಸಿ, ಎರಡೂ ಬಾರದ್ದರಿಂದ ಅಭಿಪ್ರಾಯವನ್ನಿಟ್ಟುಕೊಳ್ಳಲು ಅರ್ಹತೆಯಿಲ್ಲವೆಂದು ತೀರ್ಮಾನಿಸುತ್ತವೆ. ಇದಕ್ಕಿಂತ ಸರಿಯಾದ ಪರೀಕ್ಷಾಮಂಡಲಿಯ ಚಿತ್ರವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ! ಕೋಳಿಯು ಹಿತಕ್ಕಾಗಿಯೇ ಬುದ್ಧಿ ಹೇಳುತ್ತಿರುವೆನೆಂದು ನಂಬಿರುವುದು. ಕಾದಂಬರಿಯಲ್ಲಿ ತನ್ನ ಗುರುವನ್ನು ಅಣಕಿಸುವಷ್ಟೇ ಶಕ್ತನಾಗಿದ್ದವನು ಇಲ್ಲಿ ಆತನನ್ನು ಒಳಗಿನಿಂದ ಅರಿತುಕೊಂಡಿದ್ದಾನೆ.

ಹಂಸಗಳನ್ನು ಕಂಡಾಗ ಆ ಮರಿಯು ಏನನ್ನು ನಿರೀಕ್ಷಿಸುತ್ತದೆ? ಆದರವನ್ನಲ್ಲ, ಮರಣವನ್ನು. ಅವು ತನ್ನನ್ನು ಕೊಂದರೂ ಸರಿ, ಬಾತುಗಳಿಂದ ಕುಕ್ಕಿಸಿಕೊಳ್ಳುವುದಕ್ಕಿಂತ ಅದೇ ಲೇಸೆಂದು ತಲೆಬಾಗಿಸುತ್ತದೆ. ತಲೆಬಾಗಿಸಿದ್ದರಿಂದಲೇ ನೀರಿನಲ್ಲಿ ತನ್ನ ಬಿಂಬವನ್ನು ಕಾಣುತ್ತದೆ. ಬಹುಕಾಲ ಗೇಲಿಗೊಳಗಾದ ಮಗುವು ಒಳ್ಳೆಯ ಮಾತಿಗೂ ಹೆದರುವುದೆಂಬುದು ಅನುಭವಿಸಿದವನಿಗಲ್ಲದೆ ತಿಳಿಯದು. ಮರಿಯು ಹುಟ್ಟಿನಿಂದಲೇ ಹಂಸವಾಗಿದ್ದುದರಿಂದ ಉಳಿಯಿತು, ನಿಜವಾದ ಬಾತುವೇ ಆಗಿದ್ದರೆ ಅದರ ಗತಿಯೇನೆಂದು ನಮ್ಮ ಶಾಲೆಯ ಹುಡುಗಿಯರು ಕೇಳುವುದುಂಟು. ಸರಿಯಾದ ಪ್ರಶ್ನೆಯೇ. ಇದಕ್ಕೆ ಕಥೆಯಲ್ಲಿ ಉತ್ತರವಿಲ್ಲ. ಆದರೆ ಮುಂದೆ ಆತನು, ನಿಷ್ಪ್ರಯೋಜಕಳೆಂದು ಊರವರು ಜರೆದ ಒಬ್ಬ ಅಗಸಗಿತ್ತಿಯ ಕಥೆಯನ್ನು ತನ್ನ ತಾಯಿಯ ನೆನಪಿನಿಂದ ಬರೆದನು. ಅವಳು ಹಂಸವಾಗದೆಯೇ ಸಾಯುತ್ತಾಳೆ, ಆದರೂ ಕಥೆಯು ಅವಳ ಪಕ್ಷದಲ್ಲಿಯೇ ನಿಲ್ಲುತ್ತದೆ.

ಆಂಡರ್ಸನ್ನನ ಕಥೆಗಳು 150ಕ್ಕೂ ಮಿಕ್ಕಿದುವು, ಅನೇಕ ಭಾಷೆಗಳಿಗೆ ಹೋದುವು. 1867ರ ಡಿಸೆಂಬರಿನಲ್ಲಿ ಓಡೆನ್ಸೆ ಪಟ್ಟಣವು ಆತನನ್ನು ಗೌರವ ಪೌರನನ್ನಾಗಿ ಮಾಡಿ, ದೀಪಗಳನ್ನೂ ಪಂಜುಗಳನ್ನೂ ಬೆಳಗಿಸಿತು. ಅಣಕಿಸುವ ಹುಡುಗರು ಹಿಂದೆ ಓಡಿದ ಊರು ಅದೇ. ಆ ರಾತ್ರಿ ಆತನಿಗೆ ಬಹಳ ಹಲ್ಲುನೋವಿತ್ತಂತೆ. ಆತನು 1875ನೆಯ ಇಸವಿ ಆಗಸ್ಟ್ 4ನೆಯ ತಾರೀಖು, ಕೋಪನ್‌ಹೇಗನ್ ಬಳಿ ಸ್ನೇಹಿತರ ಮನೆಯಲ್ಲಿ ತೀರಿಕೊಂಡನು. ಮೈಸ್ಲಿಂಗನು 1856ರಲ್ಲಿಯೇ ಸತ್ತಿದ್ದನು. ಆದರೂ ಅರಸರ ಮನೆಗಳಲ್ಲಿ ಅತಿಥಿಯಾಗಿದ್ದ ಆ ಮುದುಕನು ತನ್ನ ಕೊನೆಯ ವರ್ಷಗಳ ದಿನಚರಿಯಲ್ಲಿಯೂ, ರಾತ್ರಿ ಮತ್ತೆ ಮೈಸ್ಲಿಂಗನು ಕನಸಿನಲ್ಲಿ ಬಂದನೆಂದು ಬರೆದಿಡುತ್ತಿದ್ದನು.