ಮುನ್ನೂರು ರೂಪಾಯಿಯ ಬೈಕು ಮತ್ತು ಜಿ.ಡಿ. ನಾಯ್ಡು

ಈ ಸಲ ಸೆಮಿಸ್ಟರ್ ರಜೆಗೆ ನಮ್ಮೂರು ಧನಗೆರೆಗೆ ಹೋದಾಗ ಮನೆ ಜಗಲಿ ಮೇಲೆ ಕಾಲಿಡೋಕೂ ಜಾಗ ಇರಲಿಲ್ಲ. ದೊಡ್ಡಪ್ಪನ ಹಳೇ ಯೆಜ್ಡಿಯನ್ನ ಅಣ್ಣ ಪೂರ್ತಿ ಬಿಚ್ಚಿ ಹರಡಿಕೊಂಡಿದ್ದ. ಹನೂರಿನಿಂದ ಒಬ್ಬರು, ಯಳಂದೂರಿನಿಂದ ಒಬ್ಬರು ಭಾನುವಾರ ಬಂದು ಜೊತೆಗೆ ಕೂರುತ್ತಿದ್ದರು. ಇಬ್ಬರ ಮನೇಲೂ ಯೆಜ್ಡಿ ಇದೆ. ಒಬ್ಬರ ಹತ್ತಿರ ಮ್ಯಾಗ್ನೆಟ್ ಎಳೆಯೋ ಪುಲ್ಲರ್ ಇತ್ತು, ಇನ್ನೊಬ್ಬರ ಹತ್ತಿರ ಎಲ್ಲಿಂದಲೋ ಕೂಡಿಟ್ಟ ಒಂದು ಡಬ್ಬಿ ತುಂಬಾ ಬೋಲ್ಟು, ವಾಷರ್ರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹಾಗಾಗಿ ಇಂಥ ಗಾಡಿ ಎಬ್ಬಿಸಬೇಕು ಅಂದ್ರೆ ನಾಲ್ಕು ಜನರ ಡಬ್ಬಿ ಸೇರಲೇಬೇಕು.

ಇಂಜಿನಿಯರಿಂಗ್ ಓದೋನು ಬಂದ ಅಂತ ಎಲ್ಲರೂ ನನ್ನ ಕಡೆ ನೋಡಿದರು. ಟು ಸ್ಟ್ರೋಕ್ ಇಂಜಿನ್ನಿನ ಪಿ-ವಿ ಡಯಾಗ್ರಾಂ ನಾನು ಕಣ್ಣು ಮುಚ್ಚಿ ಬರೆದುಬಿಡ್ತೀನಿ. ಆದರೆ ಪಾಯಿಂಟ್ ಗ್ಯಾಪ್ ಎಷ್ಟಿಡಬೇಕು, ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರ್ ಲಿವರ್ ಆಗೋದು ಹೇಗೆ ಅಂತ ಕೇಳಿದಾಗ ಸುಮ್ಮನೆ ನಿಂತೆ. ಪಕ್ಕದ ಮನೆ ತಾತ ಇದನ್ನೆಲ್ಲ ನೋಡಿ ನಗುತ್ತಾ, ನಮ್ಮಣ್ಣನನ್ನ ಕೊಯಮತ್ತೂರು ನಾಯ್ಡು ಅಂತ ಕರೆದರು.

ತಾತನ ಬಾಯಲ್ಲಿ ಕೊಯಮತ್ತೂರು ಬಂದದ್ದಕ್ಕೆ ಕಾರಣ ಇದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿಗೆ ಸೇರಿತ್ತು, ಜಿಲ್ಲೆ ಕೊಯಮತ್ತೂರು. ದಿಂಬಂ ಘಾಟಿಯ ಕೆಳಗಿದ್ದ ಜಿಲ್ಲಾ ಕೇಂದ್ರದ ಸುದ್ದಿ ನಮ್ಮ ಕಡೆಯ ಹಿರಿಯರಿಗೆ ಊರ ಸುದ್ದಿಯೇ. ಆ ಜಿಲ್ಲೆಯ ದೊಡ್ಡ ಹೆಸರುಗಳಲ್ಲಿ ಒಂದು ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು.

ಅವರು ಹುಟ್ಟಿದ್ದು 1893ರ ಮಾರ್ಚ್ 23ರಂದು, ಕೊಯಮತ್ತೂರಿನ ಹತ್ತಿರದ ಕಲಂಗಲ್ ಅನ್ನೋ ಹಳ್ಳಿಯಲ್ಲಿ. ತೆಲುಗು ಮನೆಮಾತಿನ ರೈತ ಕುಟುಂಬ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡರು. ಶಾಲೆ ಅಂದ್ರೆ ಆಗುತ್ತಿರಲಿಲ್ಲ. ಮೇಷ್ಟ್ರ ಮೇಲೆ ಮಣ್ಣೆರಚಿ ಓಡಿಹೋದ ಕತೆಯನ್ನ ಆ ಕಡೆ ಇವತ್ತಿಗೂ ಹೇಳ್ತಾರೆ. ಪ್ರಾಥಮಿಕ ಶಾಲೆಗೇ ಓದು ನಿಂತುಹೋಯಿತು, ಆಮೇಲೆ ಅಪ್ಪನ ಹೊಲ. ಹೊಲದಲ್ಲಿದ್ದುಕೊಂಡೇ ಸಿಕ್ಕ ಪುಸ್ತಕ ಓದಿಕೊಂಡರು.

ಹರೆಯದಲ್ಲಿ ಒಂದು ದಿನ ಬ್ರಿಟಿಷ್ ಅಧಿಕಾರಿಯೊಬ್ಬ ಬೈಕಿನಲ್ಲಿ ಹೋಗೋದು ಕಣ್ಣಿಗೆ ಬಿತ್ತು. ಅದು ರಡ್ಜ್ ಬೈಕು. ಎತ್ತಿಲ್ಲ, ಕುದುರೆಯಿಲ್ಲ, ಕಬ್ಬಿಣದ ಸೈಕಲ್ಲು ತಾನೇ ಓಡ್ತಿದೆ. ನೋಡಿದವರೆಲ್ಲ ಬೆರಗಾಗಿದ್ದರು, ಬೆರಗಾಗಿ ತಂತಮ್ಮ ಕೆಲಸಕ್ಕೆ ಹೋದರು. ನಾಯ್ಡು ಹೊಲ ಬಿಟ್ಟು ಕೊಯಮತ್ತೂರಿಗೆ ಹೋಗಿ ಹೋಟೆಲಿನಲ್ಲಿ ಸಪ್ಲೈಯರ್ ಆದರು. ಆ ಗಾಡಿ ಬೇಕು ಅನ್ನೋದೊಂದೇ ಗುರಿ. ತಟ್ಟೆ ಲೋಟ ಎತ್ತಿ, ವರ್ಷಗಟ್ಟಲೆ ಕಾಸಿಗೆ ಕಾಸು ಸೇರಿಸಿ, ಕೊನೆಗೆ 300 ರೂಪಾಯಿ ಕೊಟ್ಟು ಬೈಕು ಕೊಂಡರು. ಆ ಕಾಲದ 300 ರೂಪಾಯಿ!

ತಂದ ಬೈಕನ್ನ ಅವರು ಬಿಚ್ಚಿದರು, ಆಮೇಲೆ ಮತ್ತೆ ಜೋಡಿಸಿದರು. ಅವರ ಬಗ್ಗೆ ಬರೆದವರೆಲ್ಲ ಇದನ್ನ ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡ್ತಾರೆ. ಜಗಲಿ ಮೇಲೆ ಯೆಜ್ಡಿ ನೋಡಿ ಬಂದ ಮೇಲೆ ನನಗೆ ಆ ಸಾಲು ದಾಟೋಕೆ ಆಗ್ತಿಲ್ಲ.

ಆಗಿನ ರಡ್ಜ್ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ರಡ್ಜ್-ವಿಟ್‌ವರ್ತ್ ಅನ್ನೋದು ಇಂಗ್ಲೆಂಡಿನ ಕವೆಂಟ್ರಿಯ ಸೈಕಲ್ ಕಂಪನಿ. ಅವರು ಬೈಕು ಮಾಡೋಕೆ ಶುರು ಮಾಡಿದ್ದೇ 1911ರ ಸುಮಾರಿಗೆ. ಒಂದೇ ಸಿಲಿಂಡರು, ಸುಮಾರು 500 ಸಿಸಿ. ಹಿಂದಿನ ಚಕ್ರಕ್ಕೆ ಚೈನ್ ಇಲ್ಲ, ಬೆಲ್ಟು. ಬ್ಯಾಟರಿ ಇಲ್ಲ, ಕಿಡಿ ಬರೋದು ಮ್ಯಾಗ್ನೆಟೋದಿಂದ. ಒಳಬರುವ ವಾಲ್ವು ಮೇಲೆ, ಹೊಗೆ ಹೋಗುವ ವಾಲ್ವು ಪಕ್ಕದಲ್ಲಿ. ಇಂಜಿನ್ನಿಗೆ ಆಯಿಲ್ ತಾನಾಗೇ ಹೋಗಲ್ಲ, ಓಡಿಸೋನೇ ಆಗಾಗ ಕೈಪಂಪು ಒತ್ತಬೇಕು. ಜಾಸ್ತಿ ಒತ್ತಿದರೆ ಊರೆಲ್ಲ ಹೊಗೆ, ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಮ್ಯಾಗ್ನೆಟೋ ಟೈಮಿಂಗ್ ಒಂದೇ ಒಂದು ಹಲ್ಲು ತಪ್ಪಿ ಕೂತರೂ ಗಾಡಿ ಎದ್ದೇಳಲ್ಲ, ಇಲ್ಲಾ ಹಿಂದಕ್ಕೆ ಒದೆಯುತ್ತೆ.

ಇದನ್ನ ಬಿಚ್ಚಿದ್ದು ಪ್ರೈಮರಿ ಶಾಲೆ ಬಿಟ್ಟ, ಹೊಲದಿಂದ ಬಂದ ಒಬ್ಬ ಹುಡುಗ. ಯೂಟ್ಯೂಬ್ ಇಲ್ಲ ಅನ್ನೋದು ಬಿಡಿ, ಒಂದು ನಟ್ಟು ಕಳೆದರೆ ಇನ್ನೊಂದು ಹಡಗಿನಲ್ಲಿ ಬರಬೇಕಾದ ಕಾಲ. ಅದು ಅವರ ವರ್ಷಗಳ ದುಡಿಮೆ ಬೇರೆ. ಹೊಸ ಫೋನಿನ ಹಿಂಬದಿ ಮುಚ್ಚಳ ತೆಗೆಯೋಕೂ ನಮಗೆ ಕೈ ನಡುಗುತ್ತೆ, ವಾರಂಟಿ ಹೋಗುತ್ತೆ ಅಂತ. ಓಡೋ ಗಾಡಿಯನ್ನ ಓಡಿಸಿಕೊಂಡು ಇರಬಹುದಿತ್ತು. ಅವರಿಗೆ ಬೇಕಾಗಿದ್ದು ಓಡಾಟಕ್ಕಿಂತ ಹೆಚ್ಚಾಗಿ ಅದು ಓಡೋದು ಹೇಗೆ ಅನ್ನೋ ಲೆಕ್ಕ ಅಂತ ಕಾಣುತ್ತೆ. ಹಾಗೆ ಕಲಿತ ವಿದ್ಯೆಯಿಂದಲೇ ಅವರು ಮೆಕ್ಯಾನಿಕ್ ಆದರು.

1920ರಲ್ಲಿ ಸ್ಟೇನ್ಸ್ ಅನ್ನೋ ಕೊಯಮತ್ತೂರಿನ ಬ್ರಿಟಿಷ್ ಉದ್ಯಮಿಯ ಸಹಾಯದಿಂದ ಒಂದು ಬಸ್ಸು ಕೊಂಡರು. ಪೊಳ್ಳಾಚಿಯಿಂದ ಪಳನಿಗೆ, ಡ್ರೈವರ್ರೂ ಅವರೇ. ಮುಂದೆ ಅದು ಯುನಿವರ್ಸಲ್ ಮೋಟಾರ್ ಸರ್ವಿಸ್, ಅಂದ್ರೆ ಯು.ಎಂ.ಎಸ್. ಆಯಿತು. 1930ರ ದಶಕದಲ್ಲಿ ಇನ್ನೂರಕ್ಕೂ ಹೆಚ್ಚು ಬಸ್ಸು ಓಡುತ್ತಿದ್ದವು. ದೇಶದಲ್ಲೇ ಚೆನ್ನಾಗಿ ನಡೆಯುವ ಬಸ್ ಸರ್ವಿಸ್ ಅನ್ನೋ ಹೆಸರು ಬಂತು.

(ತಮಾಷೆ ನೋಡಿ, ಅದೇ 1920ರಲ್ಲಿ ನ್ಯೂಜಿಲೆಂಡಿನಲ್ಲಿ ಬರ್ಟ್ ಮನ್ರೋ ಅನ್ನೋನು ಇಂಡಿಯನ್ ಸ್ಕೌಟ್ ಅನ್ನೋ ಅಮೆರಿಕದ ಬೈಕು ಕೊಂಡ. ದಶಕಗಳ ಕಾಲ ಅವನು ಅದನ್ನ ಬಿಡಲಿಲ್ಲ. ಪಿಸ್ಟನ್ನನ್ನೂ ತನ್ನ ಶೆಡ್ಡಿನಲ್ಲೇ ಎರಕ ಹೊಯ್ದು, ತಿದ್ದಿ ತೀಡಿ, 1967ರಲ್ಲಿ 68ನೇ ವಯಸ್ಸಿನಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಲ್ಲಿ ಗಂಟೆಗೆ 183 ಮೈಲಿ ದಾಟಿಸಿದ. ನಾಯ್ಡು ಆ ಜಾತಿಯವರಲ್ಲ. ಅವರಿಗೆ ಒಂದು ಯಂತ್ರ ಅರ್ಥ ಆದರೆ ಮುಂದಿನದು ಬೇಕಾಗುತ್ತಿತ್ತು.)

ಆ ಮುಂದಿನವುಗಳ ಪಟ್ಟಿ ವಿಚಿತ್ರವಾಗಿದೆ. ತೆಳ್ಳನೆ ಶೇವಿಂಗ್ ಬ್ಲೇಡು, ಪುಟ್ಟ ಮೋಟಾರಿನ ರೇಜರ್ರು, ಹಣ್ಣಿನ ರಸ ತೆಗೆಯೋ ಯಂತ್ರ, ಸೀಮೆಎಣ್ಣೆಯಿಂದ ತಿರುಗೋ ಫ್ಯಾನು, ಮೋಸ ಮಾಡೋಕಾಗದ ವೋಟಿನ ಯಂತ್ರ. ಕ್ಯಾಮೆರಾ ಹುಚ್ಚು ಬೇರೆ. ಗಾಂಧಿ, ನೆಹರೂ, ಸುಭಾಷ್ ಎಲ್ಲರನ್ನೂ ಫಿಲ್ಮಿನಲ್ಲಿ ಹಿಡಿದರು. ಮೂವತ್ತರ ದಶಕದಲ್ಲಿ ಜರ್ಮನಿಗೆ ಹೋದಾಗ ಹಿಟ್ಲರನ ಫೋಟೋ ಕೂಡ ತೆಗೆದರು. 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರ ಜೊತೆ ಸೇರಿ ಭಾರತದಲ್ಲೇ ತಯಾರಾದ ಮೊದಲ ಎಲೆಕ್ಟ್ರಿಕ್ ಮೋಟಾರು ಹೊರಗೆ ತಂದರು. ಎಲ್ಲಾ ಒಬ್ಬರೇ ಮಾಡಿದರು ಅಂತ ನಂಬೋರಿಗೆ ಇದನ್ನ ನೆನಪಿಸಬೇಕು. ಬಾಲಸುಂದರಂ ಮುಂದೆ ಟೆಕ್ಸ್‌ಟೂಲ್ ಕಂಪನಿಯನ್ನ ಬೆಳೆಸಿದರು. ಕೊಯಮತ್ತೂರು ಇವತ್ತು ಮೋಟಾರು, ಪಂಪುಗಳ ಊರಾಗಿರೋದಕ್ಕೆ ಬೇರು ಅಲ್ಲಿದೆ. ಅಲ್ಲಿಂದ ಬರೋ ಪಂಪುಗಳು ನಮ್ಮ ಕಡೆ ಬೋರ್‌ವೆಲ್ಲುಗಳಲ್ಲೂ ಇವೆ.

ಈಗ ನಮಗೆ ಸಂಬಂಧಪಟ್ಟ ಭಾಗ. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಅವರ ದುಡ್ಡಿನ ನೆರವಿನಿಂದ ಕೊಯಮತ್ತೂರಿನಲ್ಲಿ ಆರ್ಥರ್ ಹೋಪ್ ಹೆಸರಿನ ತಾಂತ್ರಿಕ ಕಾಲೇಜು ಶುರುವಾಯಿತು. ಹೋಪ್ ಆಗ ಮದ್ರಾಸಿನ ಗವರ್ನರ್. ಇವತ್ತಿನ ಕೊಯಮತ್ತೂರು ಸರ್ಕಾರಿ ತಂತ್ರಜ್ಞಾನ ಕಾಲೇಜಿನ ಮೂಲ ಅದೇ. ಪ್ರಿನ್ಸಿಪಾಲ್ ಯಾರು ಅಂತೀರಿ? ಹೈಸ್ಕೂಲ್ ಮೆಟ್ಟಿಲು ಹತ್ತದ ನಾಯ್ಡು ಅವರೇ. ಆದರೆ ಹೆಚ್ಚು ದಿನ ಇರಲಿಲ್ಲ. ನಾಲ್ಕು ವರ್ಷದ ಕೋರ್ಸು ಅಂದ್ರೆ ಹುಡುಗರ ಆಯಸ್ಸು ಹಾಳು ಮಾಡೋದು, ಹೇಳಿದ್ದನ್ನೇ ಹೇಳ್ತಾರೆ, ಎರಡು ವರ್ಷ ಧಾರಾಳ ಸಾಕು ಅನ್ನೋದು ಅವರ ವಾದ. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅವರು ರಾಜೀನಾಮೆ ಕೊಟ್ಟು ಹೊರಬಂದರು.

ನಾಲ್ಕು ವರ್ಷದ ಕೋರ್ಸಿನ ಒಳಗೇ ಕೂತು ನಾವು ಇದನ್ನ ಓದಿದರೆ ಮೊದಲು ಚಪ್ಪಾಳೆ ಹೊಡೆಯಬೇಕು ಅನ್ನಿಸುತ್ತೆ. ನಾನು ಪೂರ್ತಿ ಒಪ್ಪಲ್ಲ. ಬೈಕು ಬಿಚ್ಚಿದರೆ ಮ್ಯಾಗ್ನೆಟೋ ಎಲ್ಲಿ ಕೂರುತ್ತೆ ಅಂತ ಗೊತ್ತಾಗುತ್ತೆ, ಅದರ ಸುರುಳಿಯಲ್ಲಿ ವೋಲ್ಟೇಜ್ ಯಾಕೆ ಹುಟ್ಟುತ್ತೆ ಅನ್ನೋದಕ್ಕೆ ಫ್ಯಾರಡೆ ಬೇಕೇ ಬೇಕು. ಸ್ವಂತ ಓದಿನಿಂದ ಅಲ್ಲಿಗೆ ಮುಟ್ಟೋ ತಲೆ ಅವರಿಗಿತ್ತು, ಕ್ಲಾಸಿನ ಅರವತ್ತು ಜನಕ್ಕೂ ಇರುತ್ತೆ ಅಂತ ಹೇಳೋಕಾಗಲ್ಲ. ಆದರೆ ಅವರ ಮಾತಿನ ಇನ್ನೊಂದು ತುದಿ ಚುಚ್ಚುತ್ತೆ. ಎರಡು ವರ್ಷ ಉಳಿದರೆ ಹುಡುಗರು ಏನು ಮಾಡಬೇಕು ಅಂತ ಅವರ ಮನಸ್ಸಿನಲ್ಲಿತ್ತೋ ಅದನ್ನ ನಾವು ನಾಲ್ಕು ವರ್ಷದಲ್ಲೂ ಮಾಡ್ತಿಲ್ಲ. ನಮ್ಮ ಲ್ಯಾಬಿನ ಕಟ್ ಸೆಕ್ಷನ್ ಇಂಜಿನ್ನಿಗೆ ಪೇಂಟು ಹೊಡೆದು ಗಾಜಿನ ಹಿಂದೆ ಇಟ್ಟಿದ್ದಾರೆ. ಆರು ಸೆಮಿಸ್ಟರ್ ಆಯ್ತು, ನಾನಿನ್ನೂ ಅದನ್ನ ಮುಟ್ಟಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರದ ಜೊತೆ ಅವರ ಜಗಳ ಮುಗಿಯಲಿಲ್ಲ. 1941ರಲ್ಲೇ ಐದು ವಾಲ್ವಿನ ರೇಡಿಯೋವನ್ನ 70 ರೂಪಾಯಿಗೆ ಮಾಡಿಕೊಡಬಲ್ಲೆ ಅಂದಿದ್ದರು. 1952ರಲ್ಲಿ 2,000 ರೂಪಾಯಿಯ ಎರಡು ಸೀಟಿನ ಪೆಟ್ರೋಲ್ ಕಾರು ಸಿದ್ಧವಾಯಿತು. ಲೈಸೆನ್ಸ್ ಸಿಗಲಿಲ್ಲ, ಕಾರು ಅಲ್ಲಿಗೇ ನಿಂತಿತು. ನ್ಯಾನೋ ಬರೋಕೆ ಇನ್ನೂ ಐವತ್ತಕ್ಕೂ ಹೆಚ್ಚು ವರ್ಷ ಇತ್ತು. ತೆರಿಗೆಯ ಮೇಲಿನ ಸಿಟ್ಟಿಗೆ ಆ ದಶಕದಲ್ಲೇ ತಾವು ಮಾಡಿದ ರೇಡಿಯೋ ಮತ್ತಿತರ ಯಂತ್ರಗಳನ್ನ ಜನರ ಎದುರೇ ಒಡೆಸಿಹಾಕಿದರು. ಆ ಸಿಟ್ಟು ನನಗೆ ಅರ್ಥ ಆಗುತ್ತೆ, ಒಡೆದದ್ದು ಅರ್ಥ ಆಗಲ್ಲ. ಆ ರೇಡಿಯೋಗಳನ್ನ ಯಾವುದೋ ಹಳ್ಳಿಯ ಹುಡುಗರ ಕೈಗೆ ಕೊಟ್ಟಿದ್ದರೆ ಬಿಚ್ಚಿ ನೋಡ್ತಿದ್ದರು. ಇದು ಯಾರಿಗೆ ಗೊತ್ತಿಲ್ಲದಿದ್ದರೂ ಆ ಬೈಕು ಬಿಚ್ಚಿದವರಿಗೆ ಗೊತ್ತಿರಬೇಕಿತ್ತು.

ಕಡೆಯವರೆಗೂ ಕೈ ಸುಮ್ಮನಿರಲಿಲ್ಲ. ಹತ್ತಿ, ಪಪ್ಪಾಯಿ ಗಿಡಗಳ ಮೇಲೆ ಪ್ರಯೋಗ, ಬೆಳಗ್ಗೆ ಶುರು ಮಾಡಿ ಸಂಜೆಯೊಳಗೆ ಮನೆ ಕಟ್ಟಿ ತೋರಿಸಿದ್ದು, ಹೀಗೆ. ತೀರಿಕೊಂಡದ್ದು 1974ರ ಜನವರಿ 4ರಂದು. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ, ಹಳೇ ಕಾರುಗಳ ಜಿ.ಡಿ. ಕಾರ್ ಮ್ಯೂಸಿಯಂ ಕೂಡ ಅಲ್ಲೇ ಇದೆ. ಕೊಳ್ಳೇಗಾಲದಿಂದ ಹಾಸನೂರು, ದಿಂಬಂ, ಸತ್ಯಮಂಗಲ ದಾರಿಯಲ್ಲಿ ಹೋಗಬಹುದು. ದಿಂಬಂನಲ್ಲಿ 27 ತಿರುವು. ಅಣ್ಣ ಅಲ್ಲಿಗೆ ಯೆಜ್ಡಿಯಲ್ಲೇ ಹೋಗೋದು ಅಂತ ಹಟ ಹಿಡಿದಿದ್ದಾನೆ. ಕ್ರ್ಯಾಂಕ್ ಸೀಲು ಇನ್ನೂ ಸಿಕ್ಕಿಲ್ಲ. ನಿಮ್ಮ ಹಾಸ್ಟೆಲಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ನನಗೆ ಹೇಳಿ.