ಹಕ್ಕಿಯ ಹಾಡಿಗೆ ಕಿವಿಗೊಟ್ಟವರು

ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಶಾಮಾ ಎಂಬ ಒಂದು ಹಕ್ಕಿಯಿದೆ. ಊರಿನ ತೋಟಗಳಲ್ಲಿ ಕಾಣುವ ಮಡಿವಾಳ ಹಕ್ಕಿಗೆ ಅದು ಹತ್ತಿರದ ಬಂಧು. ಹೊಳೆಯುವ ಕಪ್ಪು ಬೆನ್ನು, ಇಟ್ಟಿಗೆಗೆಂಪು ಹೊಟ್ಟೆ, ಉದ್ದನೆಯ ಬಾಲ ಗಂಡು ಹಕ್ಕಿಯ ಲಕ್ಷಣಗಳು. ಪೊದೆಯ ಮರೆಯಲ್ಲಿ ಕುಳಿತು ಹಾಡುವ ಈ ಹಕ್ಕಿಯನ್ನು ಕಂಡವರು ಕಡಿಮೆ. ಅದರ ಹಾಡನ್ನು ಒಮ್ಮೆ ಕೇಳಿದವರು ಮರೆಯಲಾರರು. ಯಂತ್ರದಲ್ಲಿ ಹಿಡಿದಿಟ್ಟ ಹಕ್ಕಿಯ ಹಾಡುಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯದು ಈ ಜಾತಿಯ ಹಕ್ಕಿಯದೇ ಆಗಿದೆ. ಆದರೆ ಅದು ಮುದ್ರಿತವಾದದ್ದು ಭಾರತದಲ್ಲಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ, 1889ರಲ್ಲಿ, ಸುಮಾರು ಎಂಟು ವರ್ಷದ ಬಾಲಕನೊಬ್ಬ ತಾನು ಸಾಕಿದ ಶಾಮಾ ಹಕ್ಕಿಯ ದನಿಯನ್ನು ಮೇಣದ ಉರುಳೆಯ ಮೇಲೆ ಮೂಡಿಸಿದನು. ಆ ಬಾಲಕನೇ ಮುಂದೆ ವನ್ಯಜೀವಿಗಳ ಧ್ವನಿಮುದ್ರಣಕ್ಕೆ ತಳಹದಿ ಹಾಕಿದ ಲೂಡ್ವಿಗ್ ಕಾಖ್.

ಲೂಡ್ವಿಗ್ ಹುಟ್ಟಿದ್ದು 1881ರ ನವೆಂಬರಿನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಪ್ರಾಣಿಗಳನ್ನು ಸಾಕುವುದೆಂದರೆ ಅವನಿಗೆ ಎಳೆತನದಿಂದಲೂ ಎಲ್ಲಿಲ್ಲದ ಪ್ರೀತಿ. ಲೈಪ್‌ಸಿಗ್ ನಗರದ ಜಾತ್ರೆಗೆ ಹೋಗಿದ್ದ ತಂದೆ ಮಗನಿಗೆಂದು ಒಂದು ಫೋನೊಗ್ರಾಫ್ ಯಂತ್ರವನ್ನೂ ಕೆಲವು ಮೇಣದ ಉರುಳೆಗಳನ್ನೂ ಕೊಂಡು ತಂದರು. ಎಡಿಸನ್ ಈ ಯಂತ್ರವನ್ನು ಕಂಡುಹಿಡಿದು ಆಗ ಹನ್ನೆರಡು ವರ್ಷಗಳಷ್ಟೇ ಆಗಿದ್ದವು. ಶಬ್ದವನ್ನು ಹಿಡಿಯುವುದರಲ್ಲಿ ವಿದ್ಯುತ್ತಿನ ಕೆಲಸವೇ ಇರಲಿಲ್ಲ. ಕಹಳೆಯಂತಹ ಬಾಯಿಯ ಮೂಲಕ ಒಳಹೊಕ್ಕ ಶಬ್ದ ಒಂದು ತೆಳುಪೊರೆಯನ್ನು ನಡುಗಿಸುತ್ತಿತ್ತು. ಆ ಪೊರೆಗೆ ಅಂಟಿದ ಮೊನೆ ತಿರುಗುವ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಶಬ್ದ ಕಹಳೆಯ ಬಾಯಿಗೆ ತೀರ ಸಮೀಪದಲ್ಲಿ ಇರದಿದ್ದರೆ ಮೇಣದ ಮೇಲೆ ಏನೂ ಮೂಡುತ್ತಿರಲಿಲ್ಲ. ದನಿಯನ್ನು ಹಿಡಿಯಬೇಕಾದರೆ ದನಿಯ ಬಳಿಗೆ ಹೋಗಬೇಕು ಎಂಬ ಪಾಠವನ್ನು ಆ ಆಟದ ಸಾಮಾನೇ ಹುಡುಗನಿಗೆ ಕಲಿಸಿತು. ಆ ಪಾಠ ಅವನ ಜೀವನದ ಕೊನೆಯವರೆಗೂ ಉಳಿಯಿತು.

ಬೆಳೆಯುತ್ತಾ ಲೂಡ್ವಿಗ್‌ನ ಮನಸ್ಸು ಸಂಗೀತದ ಕಡೆಗೆ ವಾಲಿತು. ಬಾಲ್ಯದಲ್ಲಿ ಪಿಟೀಲು ನುಡಿಸುತ್ತಿದ್ದವನು ತಾರುಣ್ಯದಲ್ಲಿ ಗಾಯಕನಾಗಿ ಸಭೆಗಳಲ್ಲಿ ಹಾಡತೊಡಗಿದನು. ಆದರೆ 1914ರಲ್ಲಿ ಆರಂಭವಾದ ಮೊದಲ ಮಹಾಯುದ್ಧ ಆ ವೃತ್ತಿಯನ್ನು ಕೊನೆಗಾಣಿಸಿತು. ಯುದ್ಧದ ಅನಂತರ ಅವರು ಬೇರೆ ಬೇರೆ ಕೆಲಸಗಳಲ್ಲಿ ತೊಡಗಿದರು. 1927ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನಡೆದ ದೊಡ್ಡ ಸಂಗೀತ ಪ್ರದರ್ಶನದ ಸಿದ್ಧತೆಯಲ್ಲಿ ದುಡಿದರು. ಮರುವರ್ಷ ಗ್ರಾಮಫೋನ್ ತಟ್ಟೆಗಳನ್ನು ತಯಾರಿಸುವ ಸಂಸ್ಥೆಯೊಂದು ಅವರಿಗೆ ಕೆಲಸ ಕೊಟ್ಟಿತು. ಹೀಗೆ ನಲವತ್ತೇಳರ ಹೊಸ್ತಿಲಲ್ಲಿ ಬಾಲ್ಯದ ಹವ್ಯಾಸ ಮತ್ತೆ ಅವರ ಕೈಗೆ ಬಂತು.

ಅಷ್ಟರಲ್ಲಿ ಧ್ವನಿಮುದ್ರಣದ ರೀತಿಯೇ ಬದಲಾಗಿತ್ತು. ಸುಮಾರು 1925ರಿಂದ ಕಹಳೆಯ ಸ್ಥಾನದಲ್ಲಿ ಮೈಕ್ರೊಫೋನು ಬಂದಿತ್ತು. ಅದು ಶಬ್ದವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತನ್ನು ತಂತಿಯ ಮೂಲಕ ದೂರಕ್ಕೆ ಒಯ್ಯಬಹುದು, ಬಲಗೊಳಿಸಬಹುದು. ಇದರಿಂದ ಯಂತ್ರವನ್ನು ಮನೆಯಿಂದ ಹೊರಗೆ, ಕಾಡಿನ ಅಂಚಿಗೆ ತರುವುದು ಸಾಧ್ಯವಾಯಿತು. ಆದರೆ ಹೊಸ ಅನುಕೂಲದ ಜೊತೆಯಲ್ಲಿ ಹೊಸ ತೊಡಕೂ ಬಂದಿತು. ಮನುಷ್ಯನ ಕಿವಿ ಬೇಕಾದ ದನಿಯನ್ನು ಆಯ್ದುಕೊಳ್ಳಬಲ್ಲದು. ಸಂತೆಯ ಗದ್ದಲದಲ್ಲಿಯೂ ತಾಯಿ ತನ್ನ ಮಗುವಿನ ಕೂಗನ್ನು ಗುರುತಿಸುತ್ತಾಳೆ. ಮೈಕ್ರೊಫೋನಿಗೆ ಈ ವಿವೇಕವಿಲ್ಲ. ಹಕ್ಕಿಯ ಹಾಡು, ಎಲೆಯ ಮರ್ಮರ, ಗಾಳಿಯ ಭೋರಾಟ, ದೂರದ ರೈಲಿನ ಸದ್ದು ಎಲ್ಲವನ್ನೂ ಅದು ಸಮವಾಗಿಯೇ ಸ್ವೀಕರಿಸುತ್ತದೆ. ಬೇಡದ ಸದ್ದನ್ನು ಬಿಟ್ಟು ಬೇಕಾದ ಸದ್ದನ್ನು ಮಾತ್ರ ಹಿಡಿಯುವುದು ಹೇಗೆ?

ಇದಕ್ಕೆ ಕಾಖ್ ಅವರು ಕಂಡುಕೊಂಡ ಉತ್ತರ ಸರಳವಾದದ್ದು, ಆದರೆ ಶ್ರಮದ್ದು. ಬಯಲಿನಲ್ಲಿ ಶಬ್ದವು ಹರಡುತ್ತಾ ಹೋದಂತೆ ಅದರ ತೀವ್ರತೆ ವೇಗವಾಗಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಕ್ಕಿಯಿಂದ 40 ಮೀಟರ್ ದೂರದಲ್ಲಿದ್ದ ಮೈಕ್ರೊಫೋನನ್ನು 10 ಮೀಟರಿಗೆ ತಂದರೆ ಹಾಡಿನ ತೀವ್ರತೆ 16 ಪಟ್ಟು ಹೆಚ್ಚುತ್ತದೆ. ದೂರದ ರೈಲಿನ ಸದ್ದಾದರೋ ಇದ್ದಷ್ಟೇ ಇರುತ್ತದೆ. ಆದ್ದರಿಂದ ಅವರು ಮೊದಲು ಹಕ್ಕಿಯ ನಡತೆಯನ್ನು ಅಭ್ಯಾಸ ಮಾಡುತ್ತಿದ್ದರು. ಅದು ಯಾವ ಹೊತ್ತಿಗೆ ಹಾಡುತ್ತದೆ, ಯಾವ ಕೊಂಬೆಗೆ ಮರಳಿ ಬರುತ್ತದೆ ಎಂಬುದನ್ನು ತಿಳಿದು, ಆ ಕೊಂಬೆಯ ಸಮೀಪದಲ್ಲಿ ಮೈಕ್ರೊಫೋನನ್ನು ಇಡುತ್ತಿದ್ದರು. ಅಲ್ಲಿಂದ ಉದ್ದನೆಯ ತಂತಿ ದೂರದಲ್ಲಿ ನಿಂತ ಬಂಡಿಯವರೆಗೆ ಹೋಗುತ್ತಿತ್ತು. ಬಂಡಿಯ ತುಂಬ ಭಾರವಾದ ಯಂತ್ರಗಳು ಮತ್ತು ಮೇಣದ ತಟ್ಟೆಗಳು. ಮೊನೆ ಚೆನ್ನಾಗಿ ಕೊರೆಯುವಂತೆ ಮೇಣವನ್ನು ಹದವಾಗಿ ಬೆಚ್ಚಗಿಡಬೇಕು. ಒಂದು ತಟ್ಟೆಯಲ್ಲಿ ಹಿಡಿಯುವುದು ಕೆಲವೇ ನಿಮಿಷಗಳ ದನಿ. ಹಕ್ಕಿ ಹಾಡಲು ಆರಂಭಿಸುವ ಗಳಿಗೆಯನ್ನು ಊಹಿಸಿ ಯಂತ್ರವನ್ನು ನಡೆಸಬೇಕು. ಊಹೆ ತಪ್ಪಿದರೆ ಆ ತಟ್ಟೆ ವ್ಯರ್ಥ. ನಡುವೆ ಒಂದು ನಾಯಿ ಬೊಗಳಿದರೂ, ಒಂದು ವಿಮಾನ ಹಾರಿಹೋದರೂ ಮೊದಲಿನಿಂದ ಆರಂಭಿಸಬೇಕು. ಇಂತಹ ಕೆಲಸಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಬೇಕಾಗಿದ್ದುದು ತಾಳ್ಮೆ.

ಈ ತಾಳ್ಮೆಯ ಫಲವಾಗಿ ಒಂದು ಹೊಸ ಬಗೆಯ ಪುಸ್ತಕ ರೂಪುಗೊಂಡಿತು. ಬರಹ, ಚಿತ್ರ ಮತ್ತು ಗ್ರಾಮಫೋನ್ ತಟ್ಟೆಗಳು ಒಂದೇ ಕಟ್ಟಿನಲ್ಲಿ ಓದುಗನ ಕೈಸೇರುವ ಧ್ವನಿಗ್ರಂಥ ಅದು. ಹಕ್ಕಿಗಳ ನಡತೆಯನ್ನು ಆಳವಾಗಿ ಅಭ್ಯಾಸ ಮಾಡಿದ್ದ ಆಸ್ಕರ್ ಹೈನ್‌ರಾಟ್ ಅವರೊಡನೆ ಕಾಖ್ ಸಿದ್ಧಗೊಳಿಸಿದ ಇಂತಹ ಗ್ರಂಥ 1935ರಲ್ಲಿ ಪ್ರಕಟವಾಯಿತು. ಆದರೆ ಆ ಹೊತ್ತಿಗೆ ಜರ್ಮನಿಯಲ್ಲಿ ಕತ್ತಲೆ ಕವಿದಿತ್ತು. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳು ಯಹೂದಿಗಳ ಉದ್ಯೋಗವನ್ನೂ ಹಕ್ಕುಗಳನ್ನೂ ಒಂದೊಂದಾಗಿ ಕಸಿದುಕೊಳ್ಳುತ್ತಿದ್ದರು. ಜರ್ಮನಿಯ ಕಾಡಿನ ಹಾಡುಗಳನ್ನು ಜರ್ಮನರ ಮನೆಮನೆಗೆ ತಲುಪಿಸಿದ ಮನುಷ್ಯನಿಗೆ ಆ ನಾಡಿನಲ್ಲಿಯೇ ನೆಲೆ ಇಲ್ಲದಂತಾಯಿತು. 1936ರ ಫೆಬ್ರವರಿಯಲ್ಲಿ ಕಾಖ್ ಅವರು ಹುಟ್ಟಿದ ನಾಡನ್ನು ತೊರೆದು ಇಂಗ್ಲೆಂಡನ್ನು ಸೇರಿದರು. ಆಗ ಅವರಿಗೆ ಐವತ್ತನಾಲ್ಕು ವರ್ಷ. ಭಾಷೆ ಬೇರೆ, ಜನ ಬೇರೆ. ಕೈಯಲ್ಲಿದ್ದುದು ತಾನು ಕಲಿತ ವಿದ್ಯೆಯೊಂದೇ.

ಆದರೆ ಹಕ್ಕಿಗಳಿಗೆ ಗಡಿಗಳಿಲ್ಲ. ಪಕ್ಷಿಶಾಸ್ತ್ರಜ್ಞ ಮ್ಯಾಕ್ಸ್ ನಿಕಲ್ಸನ್ ಕಾಖ್ ಅವರ ನೆರವಿಗೆ ಬಂದರು. ಬಂದ ವರ್ಷವೇ ಇಂಗ್ಲೆಂಡಿನ ಕಾಡುಹಕ್ಕಿಗಳ ಹಾಡುಗಳ ಧ್ವನಿಗ್ರಂಥವನ್ನು ಇಬ್ಬರೂ ಕೂಡಿ ಹೊರತಂದರು. ಮರುವರ್ಷ ಅದರ ಎರಡನೆಯ ಭಾಗ ಬಂದಿತು. 1938ರಲ್ಲಿ ಪ್ರಸಿದ್ಧ ಜೀವಶಾಸ್ತ್ರಜ್ಞ ಜೂಲಿಯನ್ ಹಕ್ಸ್‌ಲೀ ಅವರೊಡನೆ ಪ್ರಾಣಿಗಳ ದನಿಗಳನ್ನು ಕುರಿತ ಮತ್ತೊಂದು ಗ್ರಂಥ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಬಿ.ಬಿ.ಸಿ. ಬಾನುಲಿ ಸಂಸ್ಥೆಯನ್ನು ಸೇರಿದರು. ಜರ್ಮನ್ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಹಕ್ಕಿಗಳ ಕಥೆ ಹೇಳುವ ಈ ಮುದುಕರ ದನಿ ಕ್ರಮೇಣ ಆ ದೇಶದ ಮಕ್ಕಳಿಗೂ ಹಿರಿಯರಿಗೂ ಚಿರಪರಿಚಿತವಾಯಿತು. ಜರ್ಮನಿಯೊಡನೆ ಹೋರಾಡಿ ನೊಂದ ಜನ ಆ ಉಚ್ಚಾರಣೆಯನ್ನೇ ಪ್ರೀತಿಯಿಂದ ಕೇಳಿದರೆಂಬುದು ಗಮನಿಸಬೇಕಾದ ಸಂಗತಿ. 1946ರಲ್ಲಿ ಆರಂಭವಾದ ಪ್ರಕೃತಿ ಕಾರ್ಯಕ್ರಮವೊಂದಕ್ಕೆ ಅವರು ಮುದ್ರಿಸಿದ ಕರ್ಲ್ಯೂ ಎಂಬ ಬಾಗಿದ ಕೊಕ್ಕಿನ ನೀರುಹಕ್ಕಿಯ ಕೂಗೇ ಆರಂಭಗೀತವಾಯಿತು. 1955ರಲ್ಲಿ ಅವರ ಆತ್ಮಕಥೆ ಹೊರಬಂದಿತು. 1960ರಲ್ಲಿ ಬ್ರಿಟಿಷ್ ಸರ್ಕಾರ ಎಂ.ಬಿ.ಇ. ಎಂಬ ಗೌರವವನ್ನಿತ್ತಿತು. 1974ರ ಮೇ ತಿಂಗಳಲ್ಲಿ, ತೊಂಬತ್ತೆರಡು ವರ್ಷಗಳ ತುಂಬುಬಾಳನ್ನು ಬಾಳಿ, ಅವರು ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಕಾಖ್ ಅವರ ಬಂಡಿಯ ಕೆಲಸವನ್ನು ಇಂದು ಅಂಗೈಯಗಲದ ಯಂತ್ರ ಮಾಡುತ್ತದೆ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬುವರು ವಿದ್ಯುದಂಶವನ್ನು ಬಹುಕಾಲ ಉಳಿಸಿಕೊಳ್ಳುವ ತೆಳುಪೊರೆಯಿಂದ ಹೊಸ ಮೈಕ್ರೊಫೋನನ್ನು ರಚಿಸಿದರು. ಮೈಕ್ರೊಫೋನುಗಳು ಚಿಕ್ಕವೂ ಅಗ್ಗವೂ ಆದದ್ದು ಇದರಿಂದ. ಹೊರಾಂಗಣದ ಕೆಲಸಕ್ಕೆ ಇಂದು ಹೆಚ್ಚಾಗಿ ಬಳಸುವುದು ಕೋವಿಯ ನಳಿಗೆಯಂತೆ ಉದ್ದವಾಗಿರುವ ಶಾಟ್‌ಗನ್ ಮೈಕ್ರೊಫೋನನ್ನು. ಅದರ ಕೊಳವೆಯ ಪಕ್ಕದಲ್ಲಿ ಸಾಲಾಗಿ ಸೀಳುಗಳಿರುತ್ತವೆ. ಎದುರಿನಿಂದ ಬಂದ ಶಬ್ದದ ಅಲೆಗಳು ಒಟ್ಟಾಗಿ ಒಳಸೇರಿ ಬಲವಾಗುತ್ತವೆ. ಪಕ್ಕದಿಂದ ಬಂದವು ಬೇರೆ ಬೇರೆ ಸೀಳುಗಳ ಮೂಲಕ ಹಿಂದುಮುಂದಾಗಿ ಒಳಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಗಿಡ್ಡ ಕೊಳವೆಯು ಹಕ್ಕಿಯ ಹಾಡಿನಂತಹ ತಾರಸ್ವರದ ಶಬ್ದಗಳನ್ನು ಪಕ್ಕದಿಂದ ಬಾರದಂತೆ ತಡೆಯಬಲ್ಲದು. ಬಂಡಿಯ ಗುಡುಗಿನಂತಹ ಮಂದ್ರಸ್ವರದ ಶಬ್ದಗಳನ್ನು ತಡೆಯಲಾರದು.

ಕಡಿಮೆ ಹಣದಲ್ಲಿ ಇದನ್ನು ಕೊಳ್ಳುವವರು ಕೇವಲ ಬೆಲೆಯನ್ನೂ ಹೆಸರನ್ನೂ ನೋಡಬಾರದು. ಮೈಕ್ರೊಫೋನಿನ ಒಳಗಿನಿಂದಲೇ ಏಳುವ ಸುಯ್ಯೆಂಬ ಸದ್ದು ಎಷ್ಟು ಕಡಿಮೆ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಮೆಲುದನಿಯ ಹಕ್ಕಿಯನ್ನು ಆ ಸದ್ದು ಮುಳುಗಿಸಿಬಿಡುತ್ತದೆ. ಗಾಳಿಯನ್ನು ತಡೆಯುವ ತುಪ್ಪುಳಿನ ಹೊದಿಕೆಗೆ ಸ್ವಲ್ಪ ಹಣವನ್ನು ಉಳಿಸಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ ಒಂದು ಮಾತನ್ನು ನೆನಪಿಡಬೇಕು. ಈ ಮೈಕ್ರೊಫೋನು ಪಕ್ಕದ ಸದ್ದನ್ನು ಕಡಿಮೆ ಮಾಡುತ್ತದೆಯೇ ಹೊರತು, ದುರ್ಬೀನಿನಂತೆ ದೂರದ್ದನ್ನು ಹತ್ತಿರ ತರುವುದಿಲ್ಲ. ದೂರದಲ್ಲಿ ನಿಂತ ದುಬಾರಿ ಮೈಕ್ರೊಫೋನಿಗಿಂತ ಸಮೀಪಕ್ಕೆ ಬಂದ ಸಾಧಾರಣ ಮೈಕ್ರೊಫೋನು ಎಷ್ಟೋ ವೇಳೆ ಮೇಲು. ಹತ್ತಿರಕ್ಕೆ ಹೋಗಬೇಕಾದರೆ ಹಕ್ಕಿ ಬೆದರದಂತೆ ಹೆಜ್ಜೆಯಿಡಬೇಕು, ಅದರ ಗೂಡಿಗೆ ತೊಂದರೆಯಾಗದಂತೆ ನಡೆದುಕೊಳ್ಳಬೇಕು, ಬಹಳ ಹೊತ್ತು ಸುಮ್ಮನೆ ಕಾಯಬೇಕು. ಇವು ಯಾವ ಅಂಗಡಿಯಲ್ಲಿಯೂ ದೊರೆಯುವ ವಸ್ತುಗಳಲ್ಲ.

ಲೂಡ್ವಿಗ್ ಕಾಖ್ ತಮ್ಮ ವೃತ್ತಿಯನ್ನು ಕಳೆದುಕೊಂಡರು, ನಾಡನ್ನು ಕಳೆದುಕೊಂಡರು. ಕೇಳುವ ಕಿವಿಯನ್ನು ಮಾತ್ರ ಅವರಿಂದ ಯಾರೂ ಕಸಿದುಕೊಳ್ಳಲಾಗಲಿಲ್ಲ. ಫ್ರಾಂಕ್‌ಫರ್ಟಿನ ಆ ಪಂಜರದ ಹಕ್ಕಿ ಸತ್ತು ನೂರು ವರ್ಷಗಳಿಗೂ ಮೇಲಾಯಿತು; ಅದರ ಹಾಡು ಗರಗರ ಸದ್ದಿನ ನಡುವೆ ಇಂದಿಗೂ ಕೇಳಿಸುತ್ತದೆ. ಅದರ ಬಂಧುಗಳು ನಮ್ಮ ಮಲೆನಾಡಿನ ಕಾಡುಗಳಲ್ಲಿ ಇಂದಿಗೂ ಹಾಡುತ್ತಿವೆ. ಬೇಕಾಗಿರುವುದು ಅವುಗಳ ಬಳಿಗೆ ಮೆಲ್ಲನೆ ನಡೆದು ಸುಮ್ಮನೆ ನಿಲ್ಲಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ.