ಚೀನಾ ಗ್ರಾಸನ್ನು ಲ್ಯಾಬ್‌ಗೆ ತಂದ ಗೃಹಿಣಿ: ಫ್ಯಾನಿ ಹೆಸ್ಸೆ ಯಾರು?

ಭಾರತೀನಗರ, ಅಂದರೆ ನಮ್ಮ ಕೆ.ಎಂ. ದೊಡ್ಡಿ ಕಡೆ ಟಿಶ್ಯೂ ಕಲ್ಚರ್ ಬಾಳೆ ನೆಡುವವರಿಗೆ ಎರಡು ಅನುಮಾನ ಬರುವುದು ಸಹಜ. ಲ್ಯಾಬ್ ಬಾಟಲಿಯಲ್ಲಿ ಸಸಿ ಬೆಳೆಸುವ ಜೆಲ್ಲಿ ಕೆಮಿಕಲ್ಲಾ? ಕಂದಿಗಿಂತ ಈ ಸಸಿಗೆ ಹೆಚ್ಚು ದುಡ್ಡು ಯಾಕೆ? ಎರಡಕ್ಕೂ ಉತ್ತರ ಒಬ್ಬ ಗೃಹಿಣಿಯ ಕಥೆಯಲ್ಲಿದೆ.

ಕರಗಿಹೋದ ಜೆಲಟಿನ್

ಫ್ಯಾನಿ ಹುಟ್ಟಿದ್ದು 1850ರಲ್ಲಿ, ಅಮೆರಿಕದಲ್ಲಿ. 1874ರಲ್ಲಿ ಜರ್ಮನಿಯ ವೈದ್ಯ ವಾಲ್ಟರ್ ಹೆಸ್ಸೆಯನ್ನು ಮದುವೆಯಾದರು. ಮನೆ, ಮೂವರು ಗಂಡು ಮಕ್ಕಳನ್ನು ನೋಡಿಕೊಳ್ಳುತ್ತಲೇ ಗಂಡನ ಸಂಶೋಧನೆಗೆ ನೆರವಾಗುತ್ತಿದ್ದರು. ಸೂಕ್ಷ್ಮಜೀವಿಗಳ ಚಿತ್ರಗಳನ್ನೂ ಬರೆದುಕೊಡುತ್ತಿದ್ದರು.

ವಾಲ್ಟರ್ ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳನ್ನು ಜೆಲಟಿನ್ ಮೇಲೆ ಬೆಳೆಸುತ್ತಿದ್ದರು. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ಬಿಸಿಲು ಏರಿದರೆ ಅದು ನೀರಾಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾಗಳಂತೂ ಅದನ್ನೇ ಕರಗಿಸಿ ತಿನ್ನುತ್ತಿದ್ದವು.

ಫ್ಯಾನಿ ಮಾಡುವ ಜೆಲ್ಲಿ ಮಾತ್ರ ಬೇಸಿಗೆಯಲ್ಲೂ ಕರಗುತ್ತಿರಲಿಲ್ಲ. ಅದರಲ್ಲಿದ್ದದ್ದು ಅಗರ್, ನಮ್ಮ ಅಂಗಡಿಗಳ ಚೀನಾ ಗ್ರಾಸ್. ಜಾವಾದಲ್ಲಿ ವಾಸಿಸಿದ್ದ ನೆರೆಮನೆಯವರಿಂದ ಅವರು ಇದನ್ನು ಕಲಿತಿದ್ದರು. 1881ರಲ್ಲಿ ಲ್ಯಾಬ್‌ನಲ್ಲೂ ಇದನ್ನೇ ಬಳಸುವಂತೆ ಗಂಡನಿಗೆ ಸೂಚಿಸಿದರು. ಹೆಸರು ಗ್ರಾಸ್ ಆದರೂ ಇದು ಹುಲ್ಲಲ್ಲ, ಕೆಂಪು ಕಡಲಕಳೆಯ ಸಾರ. ಕರಗಲು ಸುಮಾರು 85 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು.

ವಿಷಯ ರಾಬರ್ಟ್ ಕೋಕ್ ಅವರಿಗೆ ತಲುಪಿತು. 1882ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾ ಬಗ್ಗೆ ಬರೆದಾಗ ಅವರು ಅಗರ್ ಅನ್ನು ಹೆಸರಿಸಿದರು, ಹೆಸ್ಸೆ ದಂಪತಿಯನ್ನು ಹೆಸರಿಸಲಿಲ್ಲ. ಫ್ಯಾನಿಗೆ ಇದರಿಂದ ಹಣವೂ ಬರಲಿಲ್ಲ. 1911ರಲ್ಲಿ ಗಂಡ ತೀರಿಕೊಂಡರು. ಫ್ಯಾನಿ 1934ರಲ್ಲಿ ನಿಧನರಾದರು.

ಬಾಳೆ ಸಸಿಗೂ ಅದೇ ಜೆಲ್ಲಿ

ಮುಂದೆ ಸಸ್ಯ ವಿಜ್ಞಾನಿಗಳೂ ಅಗರ್ ಹಿಡಿದರು. ಬಾಳೆ ಕಂದಿನ ಬೆಳೆಯುವ ತುದಿಯನ್ನು ಪೋಷಕಾಂಶ ಬೆರೆಸಿದ ಈ ಜೆಲ್ಲಿಯಲ್ಲಿಟ್ಟು ನೂರಾರು ಸಸಿ ಮಾಡುತ್ತಾರೆ. ಹೊರಗಿನ ಜೀನ್ ಸೇರಿಸುವುದಿಲ್ಲ. ಹಾಗಾಗಿ ಟಿಶ್ಯೂ ಕಲ್ಚರ್ ಎಂದರೆ ಕುಲಾಂತರಿ ಎಂಬುದು ತಪ್ಪು. ಮಣ್ಣಿಗೆ ಹಾಕುವ ಮೊದಲು ಬೇರಿನ ಜೆಲ್ಲಿಯನ್ನು ತೊಳೆಯುತ್ತಾರೆ.

ಒಂದು ಲೀಟರ್ ದ್ರಾವಣಕ್ಕೆ ಸಾಮಾನ್ಯವಾಗಿ ಸುಮಾರು 8 ಗ್ರಾಂ ಅಗರ್ ಬೇಕು. ಲ್ಯಾಬ್ ದರ್ಜೆಯ ಅಗರ್ ದುಬಾರಿ. ಸಸಿಯ ಬೆಲೆಯಲ್ಲಿ ಕೂಲಿ, ಕರೆಂಟಿನ ಜೊತೆ ಇದರ ಪಾಲೂ ಇದೆ.

ಅಗ್ಗದ ದಾರಿಯೂ ಅಡುಗೆಮನೆಯಲ್ಲೇ

ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಇಸಬ್‌ಗೋಲ್ ಬಳಸಿ ನೇರಳೆ, ದತ್ತೂರ ಅಂಗಾಂಶ ಬೆಳೆಸಿ ತೋರಿಸಿದರು. ಹೌದು, ಮಲಬದ್ಧತೆಗೆ ನುಂಗುವ ಅದೇ ಹೊಟ್ಟು! ಸಬ್ಬಕ್ಕಿ, ಮರಗೆಣಸಿನ ಪಿಷ್ಟವನ್ನೂ ಬೇರೆಡೆ ಪ್ರಯತ್ನಿಸಿದ್ದಾರೆ.

ತೊಡಕುಗಳೂ ಇವೆ. ಇಸಬ್‌ಗೋಲ್ ಬೇಗ ಗಟ್ಟಿಯಾಗುವುದರಿಂದ ಬಿಸಿಯಿದ್ದಾಗಲೇ ಸುರಿಯಬೇಕು. ಪಿಷ್ಟದ ಜೆಲ್ಲಿ ಮಬ್ಬಾಗಿರುವುದರಿಂದ ಸೋಂಕು ಬೇಗ ಕಾಣುವುದಿಲ್ಲ. ಒಂದು ಬೆಳೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದಿರಬಹುದು. ಕ್ರಿಮಿರಹಿತ ವ್ಯವಸ್ಥೆ ಇಲ್ಲದ ಮನೆಯಲ್ಲಿ ಮಾಡಿದರೆ ಜೆಲ್ಲಿ ಮೇಲೆ ಬೂಸ್ಟು ಬೆಳೆಯುತ್ತದೆ, ಬಾಳೆಯಲ್ಲ.

ಮುಂದಿನ ಸಲ ಬಾಟಲಿಯ ಜೆಲ್ಲಿ ವಿಷ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ, ಫ್ಯಾನಿ ಹೆಸ್ಸೆಯ ಈ ಕಥೆ ಕಳಿಸಿ.